ಕಳಪೆ ಚಿತ್ರ ಎಂದರೆ ಯಾವುದು?

ಮಣಿರತ್ನಂ ನಿರ್ದೇಶನದ 'ಥಗ್ ಲೈಫ್' 2025ರ ಜೂನ್ 5ರಂದು ತೆರೆ ಕಂಡಾಗ ಕರ್ನಾಟಕದ ಚಿತ್ರಮಂದಿರಗಳಲ್ಲಿ ಮಾತ್ರ ಅದು ಬಿಡುಗಡೆಯಾಗಲಿಲ್ಲ. ಕನ್ನಡವು ತಮಿಳಿನಿಂದ ಹುಟ್ಟಿತು ಎಂಬರ್ಥದಲ್ಲಿ ನಾಯಕ ನಟ ಕಮಲ್ ಹಾಸನ್ ಚೆನ್ನೈಯ ಸಮಾರಂಭವೊಂದರಲ್ಲಿ ಆಡಿದ ಮಾತು ಇಲ್ಲಿ ದೊಡ್ಡ ವಿವಾದವಾಗಿತ್ತು. ಕನ್ನಡ ಮತ್ತು ತಮಿಳು ಒಂದೇ ಮೂಲದಿಂದ ಬಂದ ಸೋದರ ಭಾಷೆಗಳು, ಒಂದು ಇನ್ನೊಂದರ ಮಗಳಲ್ಲ ಎಂದು ಹೇಳಿ ಆ ಮಾತಿಗೆ ಉತ್ತರ ಕೊಡಬಹುದಿತ್ತು. ಅದರ ಬದಲು ಪ್ರದರ್ಶನವೇ ನಿಂತಿತು, ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟನ್ನೂ ತಲುಪಿತು. ನಮ್ಮನ್ನು ಬೆರಗುಗೊಳಿಸಿದ ಸಂಗತಿ ಬೇರೆಯೇ ಇದೆ. ಚಿತ್ರವನ್ನು ನೋಡುವ ಅವಕಾಶವೇ ಇಲ್ಲದ ನಮ್ಮ ಊರುಗಳಲ್ಲೂ ವಾರ ಕಳೆಯುವುದರೊಳಗೆ ತೀರ್ಪು ಹೊರಬಿದ್ದಿತ್ತು. ಮಣಿರತ್ನಂ ಮಾಡಿದ ಚಿತ್ರಗಳಲ್ಲೇ ಅತ್ಯಂತ ಕಳಪೆ ಇದು!

ಅಂದಿನಿಂದ ಚಹಾದಂಗಡಿಯಲ್ಲಿ, ರೈಲಿನ ಬೋಗಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಒಂದೇ ಚರ್ಚೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಮಣಿರತ್ನಂ ಅವರ ಉತ್ತಮ ಚಿತ್ರ ಯಾವುದು, ಕಳಪೆ ಚಿತ್ರ ಯಾವುದು? ಎರಡು ಪಟ್ಟಿಗಳು ಸಿದ್ಧವಾಗಿಯೇ ಇರುತ್ತವೆ. ಒಂದರಲ್ಲಿ 'ನಾಯಗನ್', 'ದಳಪತಿ', 'ರೋಜಾ', 'ಬಾಂಬೆ', 'ಅಲೈಪಾಯುದೇ'. ಇನ್ನೊಂದರಲ್ಲಿ 'ರಾವಣ್', 'ಕಡಲ್', 'ಕಾಟ್ರು ವೆಳಿಯಿಡೈ', ಈಗ 'ಥಗ್ ಲೈಫ್'. ವಯಸ್ಸಾದವರು 1987ರ 'ನಾಯಗನ್' ಬಳಿಕ ಎಲ್ಲವೂ ಇಳಿಜಾರು ಎನ್ನುತ್ತಾರೆ. ತರುಣರು 'ಅಲೈಪಾಯುದೇ'ಯ ಲೋಕಲ್ ರೈಲನ್ನು ಬಿಟ್ಟು ಕೊಡುವುದಿಲ್ಲ. ಕನ್ನಡಾಭಿಮಾನಿಗಳು ನಡುವೆ ಕೈಯೆತ್ತಿ, ಮಣಿರತ್ನಂ ಅವರ ಮೊತ್ತಮೊದಲ ಚಿತ್ರ 1983ರ 'ಪಲ್ಲವಿ ಅನುಪಲ್ಲವಿ' ನಮ್ಮದು, ಅದರಲ್ಲಿ ಅನಿಲ್ ಕಪೂರ್ ಕನ್ನಡ ಮಾತನಾಡಿದ್ದರು, ಅದರಲ್ಲಿ ಇಳಯರಾಜ ಕಟ್ಟಿದ ಸ್ವರವನ್ನು ಎಷ್ಟೋ ವರ್ಷಗಳ ಬಳಿಕ ಮೊಬೈಲ್ ಕಂಪನಿಯೊಂದು ತನ್ನ ಜಾಹೀರಾತಿಗೆ ಬಳಸಿಕೊಂಡಿತು ಎಂದು ನೆನಪಿಸುತ್ತಾರೆ. ಎಲ್ಲರೂ ಸರಿ. ಚರ್ಚೆ ಬಿಸಿಯೇರುತ್ತದೆ, ಚಹಾ ತಣ್ಣಗಾಗುತ್ತದೆ.

ಈ ಚರ್ಚೆಯ ಬಗ್ಗೆ ನಮಗೆ ತಿರಸ್ಕಾರವಿಲ್ಲ. ಒಬ್ಬ ನಿರ್ದೇಶಕನ ಚಿತ್ರಗಳನ್ನು 40 ವರ್ಷ ನೆನಪಿಟ್ಟುಕೊಂಡು ಜಗಳವಾಡುವುದು ಪ್ರೀತಿಯ ಒಂದು ರೂಪ. ನಮ್ಮ ತಕರಾರು ಇರುವುದು ತೂಗುವ ತಕ್ಕಡಿಯ ಬಗ್ಗೆ. ಅದರಲ್ಲಿ ಇಡುವ ಕಲ್ಲುಗಳನ್ನು ನೋಡಿ. ಹಾಡು ಹೇಗಿತ್ತು? ಕ್ಯಾಮರಾ ಹೇಗಿತ್ತು? ಮಳೆ, ರೈಲು, ಕನ್ನಡಿ, ಹಿಂಬೆಳಕು ಹೇಗೆ ಬಂದವು? ಎಷ್ಟು ದಿನ ಓಡಿತು, ಎಷ್ಟು ಕೋಟಿ ತಂದಿತು? ಇಷ್ಟೇ. ಚಿತ್ರ ಯಾರ ಕುರಿತು ಏನು ಹೇಳಿತು, ಹೇಳಿದ್ದು ನಿಜವೇ, ಅದನ್ನು ನೋಡಿ ಹೊರಬಂದ ಪ್ರೇಕ್ಷಕ ತನ್ನ ನೆರೆಯವನನ್ನು ಯಾವ ಕಣ್ಣಿನಿಂದ ನೋಡಿದ ಎಂಬ ಪ್ರಶ್ನೆಗಳಿಗೆ ಆ ತಕ್ಕಡಿಯಲ್ಲಿ ಕಲ್ಲೇ ಇಲ್ಲ.

ಗಳಿಕೆಯ ಲೆಕ್ಕ ಎಷ್ಟು ಪೊಳ್ಳು ಎಂಬುದಕ್ಕೆ 'ಇರುವರ್' ಒಂದೇ ಸಾಕು. 1997ರಲ್ಲಿ ಬಂದ ಆ ಚಿತ್ರ ತಮಿಳುನಾಡಿನ ಇಬ್ಬರು ನಾಯಕರ, ಅಂದರೆ ಎಂ.ಜಿ.ಆರ್. ಮತ್ತು ಕರುಣಾನಿಧಿಯವರ ಸ್ನೇಹ ಹಾಗೂ ವೈರವನ್ನು ನೆನಪಿಸುವ ಕಥೆ. ನಮ್ಮ ಪ್ರಕಾಶ್ ರಾಜ್‌ಗೆ ಅದು ಪೋಷಕ ನಟನ ರಾಷ್ಟ್ರಪ್ರಶಸ್ತಿ ತಂದಿತು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈಗೆ ಅದು ಮೊದಲ ಚಿತ್ರ. ಬಿಡುಗಡೆಯಾದಾಗ ಅದು ಸೋತಿತು. ಅಂದಿನ ಪಟ್ಟಿಯಲ್ಲಿ ಅದು ಕಳಪೆ. ಇಂದು ಅದೇ ಜನ ಅದನ್ನು ಮಣಿರತ್ನಂ ಅವರ ಶ್ರೇಷ್ಠ ಕೃತಿಗಳಲ್ಲಿ ಸೇರಿಸುತ್ತಾರೆ. ಚಿತ್ರದ ಒಂದು ಫ್ರೇಮೂ ಈ ನಡುವೆ ಬದಲಾಗಿಲ್ಲ, ಬದಲಾದದ್ದು ನೋಡುವವರು. ಹಾಗಾದರೆ 'ಉತ್ತಮ' ಎಂದು ನಾವು ಕಣ್ಣುಮುಚ್ಚಿ ಒಪ್ಪಿಕೊಂಡ ಚಿತ್ರಗಳನ್ನೂ ಮತ್ತೊಮ್ಮೆ ತೂಗಬೇಕಲ್ಲವೇ? ನಾವು 'ರೋಜಾ'ದಿಂದ ಆರಂಭಿಸುತ್ತೇವೆ.

1990ರ ದಶಕದ ಮಧ್ಯಭಾಗದಲ್ಲಿ, ಕಾಲೇಜಿನ ದಿನಗಳಲ್ಲಿ, ಒಂದು ಸಣ್ಣ ಪಟ್ಟಣದ ಚಿತ್ರಮಂದಿರದಲ್ಲಿ ಗೆಳೆಯರೊಂದಿಗೆ ಕುಳಿತು ನಾವು 'ರೋಜಾ'ದ ಹಿಂದಿ ರೂಪವನ್ನು ನೋಡಿದೆವು. ಹಾಡುಗಳು ಆಗಲೇ ಬಾಯಿಪಾಠವಾಗಿದ್ದವು. ಉಗ್ರರು ತ್ರಿವರ್ಣ ಧ್ವಜಕ್ಕೆ ಬೆಂಕಿ ಹಚ್ಚುತ್ತಾರೆ. ಕೈಕಟ್ಟಿಸಿಕೊಂಡ ನಾಯಕ ಕಿಟಕಿ ಒಡೆದು ಹಾರಿ, ಉರಿಯುವ ಧ್ವಜದ ಮೇಲೆ ಮೈಚೆಲ್ಲಿ, ತನ್ನ ದೇಹದಿಂದಲೇ ಬೆಂಕಿಯನ್ನು ಆರಿಸುತ್ತಾನೆ. ಚಿತ್ರಮಂದಿರ ಎದ್ದು ನಿಂತಿತು. ನಾವೂ ಚಪ್ಪಾಳೆ ತಟ್ಟಿದೆವು, ಕೈ ಕೆಂಪಾಗುವಷ್ಟು ತಟ್ಟಿದೆವು. ಅದೇ ದೃಶ್ಯದ ನಡುನಡುವೆ ಅಪಹರಣಕಾರರ ನಾಯಕ ಲಿಯಾಖತ್ ನಮಾಝ್ ಮಾಡುತ್ತಿರುವ ಚಿತ್ರಿಕೆ ಬರುತ್ತದೆ. ಬೆಂಕಿ, ಧ್ವಜ, ನಮಾಝ್. ಮುಂದಿನ ಸಾಲಿನಿಂದ ಯಾರೋ ಒಂದು ಮಾತು ಕೂಗಿದರು. ಆ ಮಾತನ್ನು ಇಲ್ಲಿ ಬರೆಯಬೇಕಾಗಿಲ್ಲ, ಓದುಗರಿಗೆ ಅದು ಗೊತ್ತಿದೆ. ಸುತ್ತಲೂ ನಗು ಹಬ್ಬಿತು. ನಮ್ಮ ಕೈಗಳು ಗಾಳಿಯಲ್ಲೇ ನಿಂತುವು. ಹೊರಗೆ ಬಂದಾಗ ಗೆಳೆಯನೊಬ್ಬ ಹೆಗಲ ಮೇಲೆ ಕೈಯಿಟ್ಟು "ನಿನ್ನನ್ನು ಹೇಳಿದ್ದಲ್ಲ ಮಾರಾಯ" ಎಂದ. ಒಳ್ಳೆಯ ಗೆಳೆಯ. ಆದರೆ ಆ ಸಮಾಧಾನ ಯಾಕೆ ಬೇಕಾಯಿತು? ಅದೇ ಚಿತ್ರವನ್ನು ಅದೇ ಸಾಲಿನಲ್ಲಿ ಕುಳಿತು ನೋಡಿದ ಉಳಿದ ಯಾರಿಗೂ ಅಂಥ ಸಮಾಧಾನದ ಅಗತ್ಯ ಬೀಳಲಿಲ್ಲವಲ್ಲ?

'ರೋಜಾ' ಚೆನ್ನಾಗಿ ಮಾಡಿದ ಚಿತ್ರ. ಇದನ್ನು ಒಪ್ಪದೆ ಮುಂದಿನ ಮಾತಿಗೆ ಅರ್ಥವಿಲ್ಲ. ತಿರುನೆಲ್ವೇಲಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಭಾಷೆ ಬಾರದ ಊರಿನಲ್ಲಿ ಗಂಡನಿಗಾಗಿ ಸೇನೆಯ, ಮಂತ್ರಿಗಳ ಬಾಗಿಲು ತಟ್ಟುವುದನ್ನು ನೋಡಿ ಮರುಗದವರಿಲ್ಲ. ಸಂತೋಷ್ ಶಿವನ್ ಅವರ ಕ್ಯಾಮರಾ ಹಿಮವನ್ನೂ ಹಸಿರನ್ನೂ ನಮ್ಮ ಕಣ್ಣಿಗೆ ತುಂಬಿತು. ಕಥೆಯ ಬೀಜವೂ ಗಾಳಿಯಿಂದ ಬಂದದ್ದಲ್ಲ. 1991ರಲ್ಲಿ ಇಂಡಿಯನ್ ಆಯಿಲ್‌ನ ಅಧಿಕಾರಿ ದೊರೈಸ್ವಾಮಿಯವರನ್ನು ಕಾಶ್ಮೀರದಲ್ಲಿ ನಿಜವಾಗಿಯೇ ಅಪಹರಿಸಲಾಗಿತ್ತು. ಅಪಹರಣವನ್ನು ಅಪಹರಣವೆಂದೇ ತೋರಿಸಬೇಕು. ಕೋವಿ ಹಿಡಿದು ಅಮಾಯಕನೊಬ್ಬನನ್ನು ಹೊತ್ತೊಯ್ದವರನ್ನು ಖಳರೆಂದು ತೋರಿಸಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ.

ಆಕ್ಷೇಪ ಇರುವುದು ತೋರಿಸದೆ ಬಿಟ್ಟದ್ದರ ಬಗ್ಗೆ. ಚಿತ್ರ ಬಿಡುಗಡೆಯಾದದ್ದು 1992ರ ಆಗಸ್ಟ್ 15ರಂದು. ಅದಕ್ಕೆ ಎರಡೂವರೆ ವರ್ಷ ಹಿಂದೆ, 1990ರ ಜನವರಿಯಲ್ಲಿ, ಶ್ರೀನಗರದ ಗಾವ್‌ಕದಲ್ ಸೇತುವೆಯ ಬಳಿ ಮೆರವಣಿಗೆಯ ಮೇಲೆ ಗೋಲಿಬಾರ್ ನಡೆದು ಅನೇಕರು ಸತ್ತಿದ್ದರು. ಅದೇ ಚಳಿಗಾಲದಲ್ಲಿ ಕಾಶ್ಮೀರಿ ಪಂಡಿತರು ಮನೆಮಠ ಬಿಟ್ಟು ಕಣಿವೆಯಿಂದ ಹೊರಡಬೇಕಾಯಿತು. ಅದೇ ವರ್ಷ ಸೇನೆಗೆ ವಿಶೇಷಾಧಿಕಾರ ನೀಡುವ ಕಾನೂನು ಅಲ್ಲಿಗೆ ಬಂತು. 'ರೋಜಾ'ದಲ್ಲಿ ಇವುಗಳಲ್ಲಿ ಯಾವುದಿದೆ? ಮಗನನ್ನು ಕಳಕೊಂಡ ಮುಸ್ಲಿಂ ತಾಯಿ ಇಲ್ಲ, ಮನೆ ಕಳಕೊಂಡ ಪಂಡಿತ ಕುಟುಂಬವೂ ಇಲ್ಲ. ಎರಡು ನೋವುಗಳನ್ನೂ ಒರೆಸಿ ಹಾಕಿದ ಬಳಿಕ ಉಳಿಯುವುದು ಸುಂದರವಾದ ಬೆಟ್ಟ, ಅದರಲ್ಲಿ ಕಾರಣವಿಲ್ಲದೆ ಕ್ರೂರರಾದ ಗಡ್ಡದ ಯುವಕರು. ಆ ಬೆಟ್ಟವೂ ಕಾಶ್ಮೀರದ್ದಲ್ಲ. ಅಂದಿನ ಪರಿಸ್ಥಿತಿಯಲ್ಲಿ ಅಲ್ಲಿ ಚಿತ್ರೀಕರಣ ಸಾಧ್ಯವಿಲ್ಲದೆ ಮನಾಲಿ, ಊಟಿ, ಕೂನೂರುಗಳನ್ನು ಕಾಶ್ಮೀರವೆಂದು ತೋರಿಸಲಾಯಿತು. ಅದಕ್ಕಾಗಿ ನಿರ್ದೇಶಕರನ್ನು ದೂರುವಂತಿಲ್ಲ. ಆದರೆ ಊಟಿಯನ್ನು ಕಾಶ್ಮೀರವೆಂದು ನಂಬಿದಷ್ಟೇ ಸುಲಭವಾಗಿ ದೇಶದ ಲಕ್ಷಾಂತರ ಜನ ಆ ಲಿಯಾಖತ್‌ನನ್ನು ಕಾಶ್ಮೀರಿಯೆಂದು, ಮುಂದೆ ಮುಸಲ್ಮಾನನೆಂದರೆ ಹೀಗೆಯೇ ಎಂದು ನಂಬಿದರಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುವುದು?

ಲಿಯಾಖತ್ ಕೊನೆಯಲ್ಲಿ ಮನಸ್ಸು ಬದಲಿಸಿ ನಾಯಕನನ್ನು ಬಿಟ್ಟುಬಿಡುತ್ತಾನೆ, ಅವರ ಮನೆಯ ಹೆಣ್ಣುಮಗಳೊಬ್ಬಳು ಮಾತಿಲ್ಲದೆಯೇ ನೆರವಾಗುತ್ತಾಳೆ ಎಂದು ಅಭಿಮಾನಿಗಳು ನೆನಪಿಸುವುದುಂಟು. ನಿಜ, ಆ ಪಾತ್ರಗಳಿವೆ. ಆದರೆ 30 ವರ್ಷಗಳ ಬಳಿಕ ಪ್ರೇಕ್ಷಕನ ನೆನಪಿನಲ್ಲಿ ಉಳಿದಿರುವ ಚಿತ್ರಿಕೆ ಯಾವುದು? ಆ ಮೌನದ ಹುಡುಗಿಯೇ, ಉರಿಯುವ ಧ್ವಜವೇ? ಚಿತ್ರವೊಂದು ತನ್ನ ಪೂರ್ತಿ ಶಕ್ತಿಯನ್ನು, ಸಂಗೀತವನ್ನು, ಸಂಕಲನವನ್ನು ಎಲ್ಲಿ ಸುರಿಯುತ್ತದೋ ಅದೇ ಅದರ ಮಾತು. ಉಳಿದದ್ದು ಅಡಿಟಿಪ್ಪಣಿ.

ಆ ಸಂಗೀತದ ಬಗ್ಗೆಯೂ ಒಂದು ಮಾತು. ಧ್ವಜದ ಆ ದೃಶ್ಯದಲ್ಲಿ ಚಿತ್ರಮಂದಿರದ ಮೈನವಿರೇಳಿಸಿದ ಸ್ವರಗಳನ್ನು ಕಟ್ಟಿದವರು 25 ವರ್ಷದ ಎ.ಆರ್. ರಹಮಾನ್. ಅದು ಅವರ ಮೊದಲ ಚಿತ್ರ. ಆ ಚಿತ್ರಕ್ಕೇ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತೆರೆಯ ಮೇಲೆ ನಮಾಝ್ ಮಾಡುವವನು ದೇಶದ ಶತ್ರು. ತೆರೆಯ ಹಿಂದೆ ನಮಾಝ್ ಮಾಡುವವನು ದೇಶಕ್ಕೆ ಹಾಡು ಕೊಟ್ಟ. ಇಡೀ ದೇಶ ಆ ಹಾಡನ್ನು ಸ್ವಾತಂತ್ರ್ಯೋತ್ಸವದ ದಿನ ಶಾಲೆ ಶಾಲೆಗಳಲ್ಲಿ ಹಾಡಿತು. ಈ ವಿಪರ್ಯಾಸವನ್ನು ಯಾವ ಅಭಿಮಾನಿಯ ಪಟ್ಟಿಯೂ ಗಮನಿಸಿಲ್ಲ.

ಇದೆಲ್ಲ ನಮಗೆ ಮಾತ್ರ ಕಂಡದ್ದಲ್ಲ. ಕನ್ನಡದ ಹಿರಿಯ ಲೇಖಕರಾದ ನಿರಂಜನ ಮತ್ತು ಅನುಪಮಾ ನಿರಂಜನ ಅವರ ಮಗಳು, ವಿದ್ವಾಂಸೆ ತೇಜಸ್ವಿನಿ ನಿರಂಜನ 1994ರಲ್ಲೇ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ 'ರೋಜಾ' ಕುರಿತು ಲೇಖನ ಬರೆದು, ಈ ಚಿತ್ರ ಒಗ್ಗೂಡಿಸುವುದು ಯಾರ ದೇಶವನ್ನು ಎಂದು ಕೇಳಿದರು. ಅದರ ಬೆನ್ನಿಗೆ ಇಂಗ್ಲಿಷಿನಲ್ಲಿ ದೀರ್ಘ ವಾಗ್ವಾದ ನಡೆಯಿತು. ಆ ಪ್ರಶ್ನೆ ವಿಶ್ವವಿದ್ಯಾಲಯದ ಗೋಡೆಯೊಳಗೇ ಉಳಿದು, ಚಹಾದಂಗಡಿಯ ಚರ್ಚೆಗೆ ಇಳಿದು ಬರಲಿಲ್ಲ ಎಂಬುದು ನಮ್ಮ ದುಃಖ. ಸರಕಾರ ಮಾತ್ರ 'ರೋಜಾ'ಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಕೊಟ್ಟು ಕೈತೊಳೆದುಕೊಂಡಿತು.

ಕಲೆಯನ್ನು ಕಲೆಯಾಗಿ ನೋಡಿ, ರಾಜಕೀಯ ಬೆರೆಸಬೇಡಿ ಎಂಬ ಉಪದೇಶ ಈ ಹಂತದಲ್ಲಿ ಬಂದೇ ಬರುತ್ತದೆ. ನಾವು ವಿನಯದಿಂದ ಕೇಳುತ್ತೇವೆ. ಬೆರೆಸಿದವರು ಯಾರು? ಧ್ವಜವನ್ನೂ ನಮಾಝನ್ನೂ ಒಂದೇ ದೃಶ್ಯದಲ್ಲಿ ಹೆಣೆದದ್ದು ಪ್ರೇಕ್ಷಕರಲ್ಲ. ಆ ಹೆಣಿಗೆಯೇ ಸಂಕಲನ ಎಂಬ ಕಲೆ. ಕಲೆ ಚೆನ್ನಾಗಿದ್ದಷ್ಟೂ ಅದು ಹೇಳಿದ ಮಾತು ಆಳಕ್ಕೆ ಇಳಿಯುತ್ತದೆ. ಕೆಟ್ಟ ಹಾಡು, ಕೆಟ್ಟ ನಟನೆಯ ಚಿತ್ರ ವಿಷ ಕಕ್ಕಿದರೂ ಶುಕ್ರವಾರ ಬಂದು ಮುಂದಿನ ಗುರುವಾರ ಹೋಗುತ್ತದೆ. 'ರಾವಣ್' ಸೋತರೆ, 'ಕಡಲ್' ಮುಳುಗಿದರೆ ನಷ್ಟವಾದದ್ದು ಹಣ ಹಾಕಿದವರಿಗೆ, ವಿತರಕರಿಗೆ. ಅದು ಸಣ್ಣ ನಷ್ಟವೆಂದು ನಾವು ಹೇಳುವುದಿಲ್ಲ. ಆದರೆ 'ರೋಜಾ' ಗೆದ್ದದ್ದರಿಂದ ಆದ ನಷ್ಟದ ಲೆಕ್ಕವನ್ನು ಯಾವ ವಿತರಕನೂ ಬರೆದಿಡಲಿಲ್ಲ. ಬಾಡಿಗೆ ಮನೆ ಹುಡುಕಿ ಹೋದ ಕಾಶ್ಮೀರಿ ವಿದ್ಯಾರ್ಥಿಗೆ, ಶಾಲು ಮಾರಲು ಬಂದ ವ್ಯಾಪಾರಿಗೆ ಆ ಲೆಕ್ಕ ಗೊತ್ತು.

ಚಿತ್ರವೊಂದು ಬಿಟ್ಟ ಖಾಲಿ ಜಾಗ ಖಾಲಿಯಾಗಿಯೇ ಉಳಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪಂಡಿತರ ನೋವನ್ನೂ ಕಣಿವೆಯ ಮುಸಲ್ಮಾನರ ನೋವನ್ನೂ ಒಟ್ಟಿಗೆ, ಮನುಷ್ಯರ ನೋವಾಗಿ ಹೇಳುವ ಸಾಮರ್ಥ್ಯ ಇದ್ದ ನಿರ್ದೇಶಕ 1992ರಲ್ಲಿ ಅದನ್ನು ಹೇಳಲಿಲ್ಲ. 30 ವರ್ಷಗಳ ಬಳಿಕ, 2022ರಲ್ಲಿ, 'ದಿ ಕಾಶ್ಮೀರ್ ಫೈಲ್ಸ್' ಬಂದು ಒಂದು ನೋವನ್ನು ಇನ್ನೊಂದು ಸಮುದಾಯದ ವಿರುದ್ಧ ಎತ್ತಿ ಹಿಡಿಯಿತು. ನಿಧಾನವಾಗಿ, ಪ್ರೀತಿಯಿಂದ ಹೇಳಬೇಕಾದ ಸತ್ಯವನ್ನು ಬಲ್ಲವರು ಹೇಳದೆ ಬಿಟ್ಟರೆ ಸಿಟ್ಟಿನವರು ಅದನ್ನು ಎತ್ತಿಕೊಳ್ಳುತ್ತಾರೆ.

'ಬಾಂಬೆ'ಯ ವಿಷಯದಲ್ಲಿ ನಾವು ಇಷ್ಟೇ ಕಠಿಣವಾಗಲಾರೆವು. ಬಾಬರಿ ಮಸೀದಿ ಉರುಳಿ ಮೂರು ವರ್ಷ ತುಂಬುವ ಮೊದಲೇ, 1995ರಲ್ಲಿ, ಮುಂಬಯಿಯ ಗಲಭೆಯ ಬಗ್ಗೆ ಜನಪ್ರಿಯ ಚಿತ್ರ ಮಾಡುವುದಕ್ಕೆ ಎದೆಗಾರಿಕೆ ಬೇಕಿತ್ತು. ಬಿಡುಗಡೆಗೆ ಮುನ್ನ ಬಾಳಾ ಠಾಕ್ರೆಯವರಿಗೆ ಚಿತ್ರವನ್ನು ತೋರಿಸಬೇಕಾಗಿ ಬಂದದ್ದು, ಆ ಜುಲೈಯಲ್ಲಿ ನಿರ್ದೇಶಕರ ಮನೆಯ ಮೇಲೆ ಬಾಂಬು ಬಿದ್ದು ಅವರು ಗಾಯಗೊಂಡದ್ದು, ಎರಡೂ ಈ ದೇಶಕ್ಕೆ ನಾಚಿಕೆಗೇಡು. ಚಿತ್ರದ ಒಂದು ಸೊಗಸನ್ನು ಎಷ್ಟು ಮಂದಿ ಗಮನಿಸಿದ್ದಾರೋ ಗೊತ್ತಿಲ್ಲ. ಹಿಂದೂ ತಂದೆ ನಾರಾಯಣ ಪಿಳ್ಳೆಯ ಪಾತ್ರ ಮಾಡಿದವರು ನಾಸರ್, ಮುಸ್ಲಿಂ ತಂದೆ ಬಶೀರನ ಪಾತ್ರ ಮಾಡಿದವರು ಕಿಟ್ಟಿ ಎಂದೇ ಪರಿಚಿತರಾದ ರಾಜಾ ಕೃಷ್ಣಮೂರ್ತಿ. ನಮ್ಮ ಕಾಸರಗೋಡಿನ ಪಕ್ಕದ, ಇಕ್ಕೇರಿ ನಾಯಕರ ಕಾಲದ ಬೇಕಲ ಕೋಟೆಯಲ್ಲಿ ಮಳೆ ಗಾಳಿಯ ನಡುವೆ ತೆಗೆದ ಹಾಡನ್ನು ಮರೆಯುವುದುಂಟೇ? ಇಬ್ಬರು ಅಜ್ಜಂದಿರು ಮೊಮ್ಮಕ್ಕಳಿಗಾಗಿ ಜಗಳವಾಡುವ ದೃಶ್ಯಗಳಲ್ಲಿ ಇರುವ ಮನುಷ್ಯತ್ವವನ್ನು ನಾವು ಇಂದಿಗೂ ಮೆಚ್ಚುತ್ತೇವೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 'ಬಾಂಬೆ'ಯ ಗಲಭೆಯಲ್ಲಿ ಎರಡೂ ಕಡೆಯವರು ಸಮಾನ ಹುಚ್ಚರು, ಎರಡೂ ಕಡೆಯವರು ಸಮಾನ ಬಲಿಪಶುಗಳು. ಒಂದು ಕಡೆ ಬೆಂಕಿ ಹಚ್ಚಿದರೆ ತಕ್ಷಣ ಇನ್ನೊಂದು ಕಡೆಯ ಬೆಂಕಿಯನ್ನು ತೋರಿಸಿ ತಕ್ಕಡಿ ಸರಿಮಾಡಲಾಗುತ್ತದೆ. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ 1998ರಲ್ಲಿ ಕೊಟ್ಟ ವರದಿಯ ಪ್ರಕಾರ ಆ ಎರಡು ತಿಂಗಳ ಗಲಭೆಗಳಲ್ಲಿ ಸತ್ತವರು 900 ಜನ. ಅವರಲ್ಲಿ ಮುಸ್ಲಿಮರು 575, ಹಿಂದೂಗಳು 275, ಉಳಿದವರು ಇತರರು ಹಾಗೂ ಗುರುತು ಸಿಗದವರು. ಪೊಲೀಸರಲ್ಲಿದ್ದ ಪೂರ್ವಗ್ರಹವನ್ನೂ ಆಯೋಗ ದಾಖಲಿಸಿದೆ. ಸತ್ತ 275 ಹಿಂದೂಗಳೂ ಯಾರದೋ ಮಕ್ಕಳು, ಅವರ ಮನೆಯ ಅಳು ನಮ್ಮ ಮನೆಯ ಅಳುವಿಗಿಂತ ಕಡಿಮೆಯದಲ್ಲ. ಆದರೆ ಸಮತೋಲನ ಬೇರೆ, ಸತ್ಯ ಬೇರೆ. 1995ರಲ್ಲಿ ನಿರ್ದೇಶಕರ ಮುಂದೆ ಈ ವರದಿ ಇರಲಿಲ್ಲ, ಹಾಗಾಗಿ ಅವರಿಗೆ ಒಂದಿಷ್ಟು ರಿಯಾಯಿತಿ ಕೊಡಬಹುದು. 1998ರಿಂದ ಇಂದಿನವರೆಗೂ 'ಬಾಂಬೆ'ಯನ್ನು ಭಾವೈಕ್ಯದ ಅತ್ಯುತ್ತಮ ಚಿತ್ರವೆಂದು ಕೊಂಡಾಡುತ್ತಿರುವವರಿಗೆ ಆ ರಿಯಾಯಿತಿ ಇಲ್ಲ.

ಇನ್ನು ಮಣಿರತ್ನಂ ಅವರ 'ಸೋತ' ಚಿತ್ರವೊಂದನ್ನು ನೋಡೋಣ. 1998ರ 'ದಿಲ್ ಸೇ'. ನೀಲಗಿರಿಯ ರೈಲಿನ ಮೇಲೆ ಕುಣಿದ 'ಛಯ್ಯ ಛಯ್ಯ' ಹಾಡು ಎಲ್ಲರಿಗೂ ನೆನಪಿದೆ, ಚಿತ್ರ ಕೆಲವರಿಗೇ ನೆನಪಿದೆ. ಆಕಾಶವಾಣಿಯ ಉದ್ಯೋಗಿಯೊಬ್ಬ ಈಶಾನ್ಯ ಭಾರತದಲ್ಲಿ ಕಂಡ ಹೆಣ್ಣೊಬ್ಬಳನ್ನು ಪ್ರೀತಿಸುತ್ತಾನೆ. ಅವಳು ದಿಲ್ಲಿಯ ಗಣರಾಜ್ಯೋತ್ಸವದಲ್ಲಿ ತನ್ನ ಮೈಗೆ ಬಾಂಬು ಕಟ್ಟಿಕೊಳ್ಳಲು ಹೊರಟವಳು. ಯಾಕೆ ಹೀಗಾದಳು? ಬಾಲ್ಯದಲ್ಲಿ ಸೈನಿಕರ ಕೈಯಲ್ಲಿ ಅತ್ಯಾಚಾರಕ್ಕೆ ಒಳಗಾದವಳು ಅವಳು. ಚಿತ್ರ ಅವಳ ದಾರಿಯನ್ನು ಸಮರ್ಥಿಸುವುದಿಲ್ಲ, ಕೊನೆಯಲ್ಲಿ ಪ್ರೇಮಿಗಳಿಬ್ಬರೂ ಸ್ಫೋಟದಲ್ಲಿ ಸಾಯುತ್ತಾರೆ. ಆದರೆ ಅವಳಿಗೊಂದು ಮುಖ ಕೊಡುತ್ತದೆ, ಒಂದು ಗತಕಾಲ ಕೊಡುತ್ತದೆ, ಆಕಾಶವಾಣಿಯಲ್ಲಿ ದೇಶದ ಪ್ರಗತಿಯನ್ನು ಕೊಂಡಾಡುವ ನಗರದ ಯುವಕನ ಎದುರು ನಿಲ್ಲಿಸಿ ಅವನನ್ನು ತಬ್ಬಿಬ್ಬುಗೊಳಿಸುತ್ತದೆ. 'ರೋಜಾ' ಕೇಳದ ಪ್ರಶ್ನೆಯನ್ನು ಅದೇ ನಿರ್ದೇಶಕ ಆರು ವರ್ಷಗಳ ಬಳಿಕ ಸ್ವತಃ ಕೇಳಿದರು. ಏನಾಯಿತು? ಬ್ರಿಟನ್ನಿನ ಮೊದಲ ಹತ್ತು ಚಿತ್ರಗಳ ಪಟ್ಟಿಗೆ ಏರಿದ ಈ ಚಿತ್ರವನ್ನು ಭಾರತದ ಪ್ರೇಕ್ಷಕರು ತಿರಸ್ಕರಿಸಿದರು.

2002ರಲ್ಲಿ ಅವರು 'ಕನ್ನತ್ತಿಲ್ ಮುತ್ತಮಿಟ್ಟಾಲ್' ಮಾಡಿದರು. ದತ್ತು ಮಗಳೊಬ್ಬಳು ತನ್ನ ಹೆತ್ತತಾಯಿಯನ್ನು ಹುಡುಕಿಕೊಂಡು ಯುದ್ಧದ ಶ್ರೀಲಂಕಾಕ್ಕೆ ಹೋಗುತ್ತಾಳೆ. ಆ ತಾಯಿ ಕೋವಿ ಹಿಡಿದವಳು. ಮಗುವಿನ ಪ್ರಶ್ನೆಗಳಿಗೆ ಅವಳ ಬಳಿ ಉತ್ತರವಿಲ್ಲ, ಆದರೆ ಅವಳ ಕಣ್ಣೀರು ಸುಳ್ಳಲ್ಲ. ಈ ಚಿತ್ರವನ್ನು ಪ್ರಶಸ್ತಿಗಳು ಹುಡುಕಿ ಬಂದವು, ವಿಮರ್ಶಕರು ಹೊಗಳಿದರು. ನಾವೂ ಹೊಗಳುತ್ತೇವೆ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತೇವೆ. ಈಳಂನ ಕೋವಿಯ ಹಿಂದೆ ಒಬ್ಬ ತಾಯಿ ಕಂಡಳಲ್ಲ, ಕಾಶ್ಮೀರದ ಕೋವಿಯ ಹಿಂದೆ ಯಾಕೆ ಪ್ರಾರ್ಥನೆ ಮಾತ್ರ ಕಂಡಿತು? ಭಾಷೆ ನಮ್ಮದಾದರೆ ಉಗ್ರನಿಗೂ ಹೃದಯವಿರುತ್ತದೆ, ಭಾಷೆಯೂ ಧರ್ಮವೂ ಬೇರೆಯಾದರೆ ಗಡ್ಡ ಮಾತ್ರ ಇರುತ್ತದೆಯೇ?

ಹೀಗೆ ನೋಡಿದರೆ ಅಭಿಮಾನಿಗಳ ಪಟ್ಟಿ ನಿರ್ದೇಶಕರಿಗಿಂತ ಹೆಚ್ಚಾಗಿ ನಮ್ಮ ಬಗ್ಗೆಯೇ ಹೇಳುತ್ತದೆ. ನಮ್ಮನ್ನು ಸಮಾಧಾನಪಡಿಸಿದ ಚಿತ್ರ ಉತ್ತಮವಾಯಿತು. ನಮ್ಮ ನಿದ್ದೆ ಕೆಡಿಸಿದ ಚಿತ್ರ ಸೋಲಾಯಿತು. ಮಣಿರತ್ನಂ ತಮ್ಮ ದಾರಿಯಲ್ಲಿ ಒಂದಿಷ್ಟು ಮುಂದೆ ನಡೆದರು, ಅವರ ಪ್ರೇಕ್ಷಕರು 1992ರ ಆಗಸ್ಟ್ 15ರಲ್ಲೇ ನಿಂತು ಶಿಳ್ಳೆ ಹೊಡೆಯುತ್ತಿದ್ದಾರೆ.

ಬೆರಳು ನಮ್ಮತ್ತಲೂ ತಿರುಗಬೇಕು. ಮುಸ್ಲಿಂ ಪ್ರೇಕ್ಷಕರಾದ ನಾವು ಈ ಚರ್ಚೆಯಲ್ಲಿ ಮಾಡಿದ್ದೇನು? 'ಬಾಂಬೆ' ಬಂದಾಗ ನಮ್ಮವರಲ್ಲಿ ಕೆಲವರು ನಿಷೇಧಿಸಿ ಎಂದು ಬೀದಿಗಿಳಿದರು. ಹಲವರು ಮನೆಯಲ್ಲಿ ಕುಳಿತು ಗೊಣಗಿದರು. ಇನ್ನು ಕೆಲವರಿಗೆ ಸಿನಿಮಾ ಎಂಬುದೇ ಮಾತನಾಡಲು ತಕ್ಕ ವಿಷಯವಲ್ಲ. ಪ್ರತಿ ಚಿತ್ರದಲ್ಲೂ ಒಬ್ಬ 'ಒಳ್ಳೆಯ ಮುಸ್ಲಿಂ' ಇದ್ದಾನೆಯೇ, ನಾಯಕನಿಗಾಗಿ ಪ್ರಾಣ ಕೊಡುವ ರಹೀಮ್ ಚಾಚಾ ಇದ್ದಾನೆಯೇ ಎಂದು ಲೆಕ್ಕ ಹಾಕಿ ತೃಪ್ತರಾದವರೂ ಇದ್ದಾರೆ. ನಮಗೆ ಬೇಕಾದದ್ದು ಒಳ್ಳೆಯ ಮುಸ್ಲಿಮನಲ್ಲ, ಪೂರ್ತಿ ಮನುಷ್ಯ. ಸಾಲ ಮಾಡುವ, ಸುಳ್ಳು ಹೇಳುವ, ಮಗಳ ಓದಿಗೆ ಚಿಂತಿಸುವ, ನಗುವ, ತಪ್ಪು ಮಾಡಿ ಪಶ್ಚಾತ್ತಾಪ ಪಡುವ ಮನುಷ್ಯ. ಅದನ್ನು ಕೇಳಬೇಕಾದರೆ ಚಿತ್ರಗಳನ್ನು ನೋಡಬೇಕು, ನೋಡಿ ಬರೆಯಬೇಕು, ಬರೆದು ವಾದಿಸಬೇಕು. ನಿಷೇಧದ ಕೂಗು ಸೋಮಾರಿಯ ವಿಮರ್ಶೆ. ಕಮಲ್ ಹಾಸನ್ ಅವರ ಮಾತಿಗೆ 'ಥಗ್ ಲೈಫ್' ತಡೆದದ್ದು ಎಷ್ಟು ತಪ್ಪೋ, 'ಬಾಂಬೆ' ತಡೆಯಿರಿ ಎಂದದ್ದೂ ಅಷ್ಟೇ ತಪ್ಪು. ಚಿತ್ರಕ್ಕೆ ಉತ್ತರ ಇನ್ನೊಂದು ಚಿತ್ರ, ಇಲ್ಲವೇ ಒಂದು ಒಳ್ಳೆಯ ಜಗಳ.

ಹಾಗಾಗಿ ಅಭಿಮಾನಿಗಳು ಚರ್ಚೆ ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಇನ್ನಷ್ಟು ಜೋರಾಗಿ ನಡೆಸಲಿ. ಆದರೆ ಉತ್ತಮ ಮತ್ತು ಕಳಪೆ ಎಂಬ ಎರಡು ಪಟ್ಟಿಗಳ ಪಕ್ಕದಲ್ಲಿ ಮೂರನೆಯದೊಂದನ್ನು ಬರೆಯಲಿ. ಅದರ ಹೆಸರು, 'ಚೆನ್ನಾಗಿ ಹೇಳಿದ ಅರ್ಧಸತ್ಯ'. ನಮ್ಮ ಮಟ್ಟಿಗೆ ಕಳಪೆ ಚಿತ್ರಗಳು ಅಲ್ಲಿರುತ್ತವೆ. 'ರೋಜಾ' ಆ ಪಟ್ಟಿಯ ಮೊದಲ ಸಾಲಿನಲ್ಲಿ ಇರುತ್ತದೆ. 'ದಿಲ್ ಸೇ' ಅದರಿಂದ ಬಹಳ ದೂರದಲ್ಲಿ, ಎಲ್ಲ ಕುಂದುಕೊರತೆಗಳೊಂದಿಗೆ, ತಲೆಯೆತ್ತಿ ನಿಂತಿರುತ್ತದೆ. ಒಪ್ಪದವರು ಬನ್ನಿ, ವಾದಿಸೋಣ.

ವಾದಿಸುವ ಮುನ್ನ ಒಂದು ಕೆಲಸ ಮಾಡಿ. 'ರೋಜಾ'ವನ್ನು ಮತ್ತೊಮ್ಮೆ ನೋಡಿ, ಈ ಬಾರಿ ಒಬ್ಬಂಟಿಯಾಗಿ ಬೇಡ. ನಿಮ್ಮ ಬೀದಿಯ ಮುಸ್ಲಿಂ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನೂ ನಿಮ್ಮನ್ನು ಕರೆದು ಕಾಶ್ಮೀರ ಬಿಟ್ಟ ಪಂಡಿತರ ನೆನಪುಗಳನ್ನು ನಿಮ್ಮ ಜೊತೆ ಕುಳಿತು ಓದಲಿ. ಧ್ವಜ ಉರಿಯುವ ದೃಶ್ಯ ಬಂದಾಗ ತೆರೆಯನ್ನು ಬಿಟ್ಟು ಒಂದು ಕ್ಷಣ ಪಕ್ಕದವನ ಕೈಗಳನ್ನು ನೋಡಿ. ಅವು ಚಪ್ಪಾಳೆ ತಟ್ಟಲು ಮೇಲೆದ್ದು ನಡುವೆಯೇ ನಿಂತರೆ, ಚಿತ್ರದ ಬಗ್ಗೆ ಯಾವ ವಿಮರ್ಶಕನೂ ಹೇಳದ ಒಂದು ಸಂಗತಿ ನಿಮಗೆ ತಿಳಿಯುತ್ತದೆ. ಆಮೇಲೆ ಹೇಳಿ, ಉತ್ತಮ ಯಾವುದು, ಕಳಪೆ ಯಾವುದು.